ಮೆಚ್ಚಿದ ಪುಸ್ತಕದ ಎರಡನೇ ಓದು

12 ಜನವರಿ 2025, ಭಾನುವಾರ

ಬರೆಯುವವರನ್ನು ಕೇಳಿದರೆ ತಮ್ಮನ್ನು ರೂಪಿಸಿದ ಐದಾರು ಪುಸ್ತಕಗಳ ಹೆಸರು ಥಟ್ಟನೆ ಬರುತ್ತದೆ. ಅವುಗಳಿಂದ ಏನು ಕಲಿತಿರಿ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಪುಸ್ತಕ ಮನಸ್ಸಿಗೆ ನಾಟುವುದು ಮೊದಲ ಓದಿನಲ್ಲಿ. ಅದರ ಕಸುಬು ಕೈಗೆ ಹತ್ತಬೇಕಾದರೆ ಪೆನ್ನು ಹಿಡಿದು ಎರಡನೇ ಸಲ ಓದಬೇಕು. ಆ ಎರಡನೇ ಓದಿನ ಕ್ರಮವನ್ನು ಇವತ್ತು ಬರೆದಿಡುತ್ತಿದ್ದೇನೆ.

ಮೊದಲ ಓದಿನಲ್ಲಿ ಗೆರೆ ಎಳೆಯುವುದು ಬೇಡ. ಆಗ ಕಣ್ಣಿಗೆ ಬೀಳುವುದು ಚಂದದ ಸಾಲುಗಳು ಮಾತ್ರ. ಅವುಗಳಿಗೆ ದಾರಿ ಮಾಡಿಕೊಟ್ಟ ಸಾದಾ ವಾಕ್ಯಗಳು ಕಾಣುವುದಿಲ್ಲ. ಮುಗಿದ ದಿನ ಕೊನೆಯ ಖಾಲಿ ಹಾಳೆಯಲ್ಲಿ ತಾರೀಖು ಹಾಕಿ ನಾಲ್ಕು ಸಾಲಿನ ಅಭಿಪ್ರಾಯ ಬರೆದರೆ ಸಾಕು. 16ನೇ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂಟೇನ್ ಹೀಗೇ ಮಾಡುತ್ತಿದ್ದ. ಹಿಂದೆ ಓದಿ ಅಂಚಿನ ತುಂಬ ಗೀಚಿದ್ದ ಪುಸ್ತಕವನ್ನೇ ಹೊಸದೆಂದು ಮತ್ತೆ ಕೈಗೆತ್ತಿಕೊಳ್ಳುವಷ್ಟು ಮರೆವು ಅವನಿಗೆ. ವರ್ಷಗಳ ನಂತರ ಮತ್ತೆ ಓದಿದಾಗ ಹಳೆಯ ಅಭಿಪ್ರಾಯವನ್ನು ಹೊಡೆದು ಹಾಕದೆ ಅದರ ಕೆಳಗೇ ಹೊಸದನ್ನು ಬರೆಯಬೇಕು.

ಎರಡನೇ ಓದಿಗೆ 18ನೇ ಶತಮಾನದ ಅಮೆರಿಕದ ಲೇಖಕ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಅನುಸರಿಸಿದ ಕ್ರಮಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಬಿಡಿ ಸಂಪುಟ ಅವನ ಕೈಗೆ ಸಿಕ್ಕಿತ್ತು. ಪ್ರತಿ ವಾಕ್ಯದ ಭಾವಕ್ಕೆ ಒಂದು ಚಿಕ್ಕ ಸುಳಿವು ಬರೆದುಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಇಡೀ ಲೇಖನವನ್ನು ತನ್ನ ಮಾತಿನಲ್ಲಿ ಬರೆದು, ಆಮೇಲೆ ಮೂಲದೊಂದಿಗೆ ಹೋಲಿಸಿ ತಪ್ಪು ತಿದ್ದಿಕೊಳ್ಳುತ್ತಿದ್ದ.

ಒಂದು ಸಲಕ್ಕೆ ಒಂದೇ ಪುಟ ಸಾಕು. ವಾಕ್ಯಕ್ಕೆ ಎರಡು ಮೂರು ಪದದ ಸುಳಿವು. ಅದರಲ್ಲಿ ಮೂಲದ ಕ್ರಿಯಾಪದ ಇರಬಾರದು, ಇದ್ದರೆ ಇಡೀ ವಾಕ್ಯ ಅದರ ಬೆನ್ನುಹತ್ತಿ ಬಂದುಬಿಡುತ್ತದೆ. ಮೂರರಿಂದ ಐದು ದಿನದ ಅಂತರ ಸರಿ. ಮಾರನೆಯ ದಿನವೇ ಬರೆದರೆ ಕೆಲಸ ಮಾಡುವುದು ನೆನಪು. ತಿಂಗಳು ಬಿಟ್ಟರೆ ಸುಳಿವು ಒಗಟಾಗುತ್ತದೆ.

ಹೋಲಿಸುವಾಗ ಮೊದಲು ನೋಡಬೇಕಾದದ್ದು ಕ್ರಿಯಾಪದ ಎಲ್ಲಿ ನಿಂತಿದೆ ಎಂಬುದನ್ನು. ಮೂಲದಲ್ಲಿ ‘ಬಾಗಿಲು ತೆರೆದು ಒಳಬಂದವಳು ಮಾತಾಡದೆ ಕುರ್ಚಿ ಎಳೆದು ಕುಳಿತಳು’ ಎಂದಿದೆ ಎನ್ನಿ. ‘ಅವಳ ಪ್ರವೇಶ, ಮೌನ’ ಎಂಬ ಸುಳಿವಿನಿಂದ ನೀವು ‘ಅವಳು ಬಾಗಿಲು ತೆರೆದಳು. ಒಳಗೆ ಬಂದಳು. ಏನೂ ಮಾತಾಡದೆ ಸುಮ್ಮನೆ ಕುಳಿತಳು’ ಎಂದು ಬರೆದಿರಬಹುದು. ‘ತೆರೆದು’, ‘ಎಳೆದು’ಗಳ ಸರಪಣಿ ಓದುಗನನ್ನು ನಿಲ್ಲಿಸದೆ ಕುರ್ಚಿಯವರೆಗೆ ಕರೆದೊಯ್ಯುತ್ತಿತ್ತು, ನಿಮ್ಮ ಬರಹದಲ್ಲಿ ಅವನು ಬಾಗಿಲಲ್ಲೇ ಎರಡು ಸಲ ನಿಂತ. ಕುರ್ಚಿ ಎಳೆಯುವುದು ಬಿಟ್ಟುಹೋಯಿತು, ಅದರೊಂದಿಗೆ ಅದರ ಸದ್ದೂ. ‘ಸುಮ್ಮನೆ’ ಬೇಡದಿದ್ದರೂ ಸೇರಿಕೊಂಡಿತು. ಬಿಟ್ಟದ್ದಕ್ಕಿಂತ ಸೇರಿಸಿದ್ದನ್ನು ಹುಡುಕುವುದು ಹೆಚ್ಚು ಲಾಭದ ಕೆಲಸ, ಏಕೆಂದರೆ ಅದೇ ನಿಮ್ಮ ಕೈಯ ಚಟ.

ಪದಗಳ ದಾಸ್ತಾನು ಸಾಲದೆಂದು ಕಂಡಾಗ ಫ್ರಾಂಕ್ಲಿನ್ ಗದ್ಯದ ಕಥೆಗಳನ್ನು ಪದ್ಯ ಮಾಡಿ, ಮೂಲ ಮರೆತ ಮೇಲೆ ಮತ್ತೆ ಗದ್ಯಕ್ಕೆ ತರುತ್ತಿದ್ದ. ಕನ್ನಡದಲ್ಲಿ ಇದಕ್ಕೆ ಭಾಮಿನಿ ಷಟ್ಪದಿ ಸೊಗಸಾಗಿ ಒದಗುತ್ತದೆ: 3, 4, 3, 4 ಮಾತ್ರೆಯ ಸಾಲಿನಲ್ಲಿ ‘ನೀರು’ 3 ಮಾತ್ರೆ, ‘ಜಲ’ ಎರಡೇ. ಅಳತೆಗೆ ಕೂರದ ಪದವನ್ನು ಬಿಟ್ಟು ಇನ್ನೊಂದನ್ನು ಹುಡುಕಲೇಬೇಕು. ಪದ್ಯ ಚೆನ್ನಾಗಿ ಬರಬೇಕೆಂದೇನೂ ಇಲ್ಲ.

ಅವನ ಮೂರನೆಯ ಅಭ್ಯಾಸ ಸುಳಿವುಗಳನ್ನು ಕಲಸಿಟ್ಟು, ಕೆಲವು ವಾರಗಳ ನಂತರ ಸರಿಯಾದ ಕ್ರಮಕ್ಕೆ ಜೋಡಿಸುವುದು. ಪ್ರಬಂಧಕ್ಕೆ ವಾಕ್ಯಕ್ಕೊಂದು ಚೀಟಿ, ಕಾದಂಬರಿಗಾದರೆ ದೃಶ್ಯಕ್ಕೊಂದು. ಲೇಖಕ ಯಾವುದನ್ನು ಬೇಕೆಂದೇ ತಡವಾಗಿ ಹೇಳಿದ್ದಾನೆ ಎಂಬುದು ಇಲ್ಲಿ ಬಯಲಾಗುತ್ತದೆ.

ತಿಂಗಳುಗಟ್ಟಲೆ ಒಬ್ಬರನ್ನೇ ಹೀಗೆ ಓದಿದರೆ ಅವರ ದನಿ ಅಂಟಿಕೊಳ್ಳುತ್ತದೆ. ಉದ್ದ ವಾಕ್ಯದವರ ನಂತರ ತುಂಡು ವಾಕ್ಯದವರನ್ನು ಹಿಡಿಯುವುದು ಒಳ್ಳೆಯದು. ಅನುವಾದಿತ ಪುಸ್ತಕದಿಂದ ದೃಶ್ಯಗಳ ಜೋಡಣೆ ಕಲಿಯಬಹುದು, ಆದರೆ ವಾಕ್ಯದ ಅಭ್ಯಾಸಕ್ಕೆ ಕನ್ನಡದಲ್ಲೇ ಹುಟ್ಟಿದ ಗದ್ಯವೇ ಆಗಬೇಕು.

ಎತ್ತಿ ಬರೆದುಕೊಂಡ ಸಾಲುಗಳಿಗೆ ಸೂಚಿ ಇಲ್ಲದಿದ್ದರೆ ಎರಡನೇ ನೋಟ್‌ಬುಕ್ಕಿಗೇ ಎಲ್ಲ ಕಳೆದುಹೋಗುತ್ತದೆ. ತತ್ವಶಾಸ್ತ್ರಜ್ಞ ಜಾನ್ ಲಾಕ್ 1686ರಲ್ಲಿ ಪ್ರಕಟಿಸಿದ ಉಪಾಯದಲ್ಲಿ, ಬರೆದುಕೊಂಡದ್ದಕ್ಕೆ ಕೊಟ್ಟ ವಿಷಯದ ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ನಂತರದ ಮೊದಲ ಸ್ವರ, ಇವೆರಡರಿಂದ ಅದು ಸೂಚಿಯ ಯಾವ ಮನೆಗೆ ಸೇರಬೇಕು ಎಂಬುದು ಗೊತ್ತಾಗುತ್ತಿತ್ತು. ಅವನು ಎರಡಾಗಿ ಹಿಡಿದದ್ದನ್ನು ನಮ್ಮ ಗುಣಿತಾಕ್ಷರ ಒಂದರಲ್ಲೇ ಹಿಡಿದಿಡುತ್ತದೆ: ‘ಮೌನ’ ‘ಮೌ’ಗೆ ಹೋಗುತ್ತದೆ, ‘ಮುಪ್ಪು’ ‘ಮು’ಗೆ. ನೋಟ್‌ಬುಕ್ಕಿನ ಮೊದಲ ನಾಲ್ಕು ಪುಟ ಸೂಚಿಗೆ ಬಿಟ್ಟು, ಉಳಿದ ಪುಟಗಳಿಗೆ ಸಂಖ್ಯೆ ಹಾಕಬೇಕು. ಪ್ರತಿ ಸಾಲಿನ ಜೊತೆ ಪುಸ್ತಕದ ಪುಟಸಂಖ್ಯೆಯ ಪಕ್ಕದಲ್ಲೇ ಮುದ್ರಣದ ವರ್ಷವೂ ಇರಲಿ. ಮರುಮುದ್ರಣದಲ್ಲಿ ಪುಟಗಳು ಕದಲಿರುತ್ತವೆ.