ದೊಡ್ಡ ಎಫ್, ಸಣ್ಣ ಎಫ್

ಒಂದು ಕಾಲೇಜಿನ ಲೈಬ್ರರಿ ಲೆಕ್ಕ ನೋಡಿಕೊಳ್ಳುವ ಹಳೇ ಕೋಡ್ ನನ್ನ ಪಾಲಿಗೆ ಬಂದಿತ್ತು. ಬರೆದದ್ದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಓಡುತ್ತಿದ್ದದ್ದು ಅದರ 7.4ನೇ ಆವೃತ್ತಿಯಲ್ಲಿ. ಆ ಆವೃತ್ತಿಗೆ 2022ರ ನವೆಂಬರ್‌ಗೇ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದೆ. 8ಕ್ಕೆ ಏರಿಸಬೇಕು. ಟೆಸ್ಟ್ ಅಂತ ಯಾರೂ ಒಂದೂ ಬರೆದಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪಿಎಚ್‌ಪಿ 8 ಹಾಕಿಕೊಂಡು ಸಿಂಟ್ಯಾಕ್ಸ್ ಚೆಕ್ ಓಡಿಸಿದೆ. ಎಲ್ಲ ಫೈಲೂ ಸರಿ ಅಂದಿತು. ಅದು ನೋಡುವುದು ವ್ಯಾಕರಣ ಮಾತ್ರ, ಅರ್ಥದ ಗೊಡವೆ ಅದಕ್ಕಿಲ್ಲ.

ಆಮೇಲೆ ಪಿಎಚ್‌ಪಿಸ್ಟ್ಯಾನ್ ಅನ್ನುವ ಟೂಲ್. ಕೋಡನ್ನು ಓಡಿಸದೆ, ಸುಮ್ನೆ ಓದಿಯೇ ತಪ್ಪು ಹಿಡಿಯುತ್ತದೆ. ಲೆವೆಲ್ 0ಯಿಂದ 10ರವರೆಗೆ ಇದೆ. ನಾನು ಹಾಕಿದ್ದು 0, ಅಂದರೆ ಬೆತ್ತ ಹಿಡಿಯದ ಮೇಷ್ಟ್ರು. ಆದರೂ ಸಾವಿರಕ್ಕಿಂತ ಜಾಸ್ತಿ ತಪ್ಪು! ಎದೆ ಧಸಕ್ಕೆಂದಿತು. ನೋಡಿದರೆ ಮುಕ್ಕಾಲುಪಾಲು ‘ಕ್ಲಾಸ್ ಸಿಗಲಿಲ್ಲ’ ಅನ್ನುವ ದೂರು. ಕ್ಲಾಸ್ ಅಂದರೆ ಒಂದು ಹೆಸರಿಟ್ಟು ಕಟ್ಟಿಟ್ಟ ಕೋಡಿನ ಗಂಟು. ಬೇಕಾದ ಕ್ಲಾಸನ್ನು ತಾನಾಗಿಯೇ ಹುಡುಕಿ ತರುವ ಆಟೋಲೋಡ್ ಆ ಕಾಲದ ಕೋಡ್‌ಗೆ ಎಲ್ಲಿಂದ ಬರಬೇಕು? ಕ್ಲಾಸ್‌ಗಳಿದ್ದ ಫೋಲ್ಡರ್ ಯಾವುದು ಅಂತ ಟೂಲಿನ ಕಾನ್ಫಿಗ್ ಫೈಲ್‌ನಲ್ಲಿ ತೋರಿಸಿಕೊಟ್ಟೆ. 38ಕ್ಕೆ ಇಳಿಯಿತು.

ಪಟ್ಟಿಯಿಂದ ಒಂದೊಂದನ್ನೇ ಎತ್ತಿಕೊಡುವ ಈಚ್ ಅನ್ನುವ ಫಂಕ್ಷನ್ ನಾಲ್ಕು ಕಡೆ ಇತ್ತು. 8ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಒಂದಂತೂ ವರ್ಷಕ್ಕೊಮ್ಮೆ ಸ್ಟಾಕ್ ಲೆಕ್ಕ ಹಾಕುವ ಫೈಲ್‌ನಲ್ಲಿ. ಕ್ಲಿಕ್ ಮಾಡಿ ಟೆಸ್ಟ್ ಮಾಡಿದ್ದರೆ ಮಾರ್ಚ್‌ವರೆಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ದೂರು: ಲೇಟ್‌ಫೀ ಅನ್ನುವ ವೇರಿಯಬಲ್ಲೇ, ಅಂದರೆ ಮೊತ್ತ ಇಟ್ಟುಕೊಳ್ಳುವ ಹೆಸರೇ, ಇಲ್ಲ. ಆ ಸಾಲನ್ನು ಐದಾರು ಸಲ ಓದಿದೆ. ಎರಡು ಸಾಲು ಮೇಲೇ ಇದೆಯಲ್ಲ! ಟೂಲನ್ನೇ ಬೈದುಕೊಂಡು ಊಟಕ್ಕೆ ಹೋದೆ. ವಾಪಸ್ ಬಂದ ಮೇಲೆ ಕಣ್ಣಿಗೆ ಬಿತ್ತು. ಮೇಲೆ ದೊಡ್ಡ ಎಫ್, ಕೆಳಗೆ ಸಣ್ಣ ಎಫ್. ಪಿಎಚ್‌ಪಿಯ ಚಾಳಿ ನೋಡಿ, ಫಂಕ್ಷನ್ ಹೆಸರಿಗೆ ಎರಡೂ ಒಂದೇ, ವೇರಿಯಬಲ್‌ಗೆ ಬೇರೆ ಬೇರೆ. ಇಲ್ಲದ ವೇರಿಯಬಲ್ಲನ್ನು ಕೂಡಿಸಿದರೆ ಸೊನ್ನೆ ಅಂತ ಹಿಡಿದು ಮುಂದೆ ಹೋಗುತ್ತದೆ. 7.4ರಲ್ಲಿ ಬರುವುದು ಬರೀ ಒಂದು ನೋಟಿಸ್. ಅದನ್ನೂ ಯಾರೋ ಪುಣ್ಯಾತ್ಮರು ಆಫ್ ಮಾಡಿದ್ದರು. ಅಂದರೆ, ತಡವಾಗಿ ಪುಸ್ತಕ ತಂದವರ ದಂಡ ಬಿಲ್‌ಗೆ ಒಂದು ದಿನವೂ ಸೇರಿರಲಿಲ್ಲ!

ದೊಡ್ಡ ಸುದ್ದಿ ಅಂದುಕೊಂಡು ಲೈಬ್ರೇರಿಯನ್‌ಗೆ ಫೋನ್ ಮಾಡಿದೆ. “ಮೇಡಂ, ಬಿಲ್‌ನಲ್ಲಿ ದಂಡ ಸೇರ್ತಾನೇ ಇರ್ಲಿಲ್ಲ.”

“ಗೊತ್ತು ಸರ್. ಅದಕ್ಕೇ ನಾವು ಕೈಯಲ್ಲಿ ಬೇರೆ ರಸೀದಿ ಬರೀತೀವಿ. ಈಗ ನೀವು ಸರಿ ಮಾಡಿದ್ರೆ ಹುಡುಗರಿಗೆ ಎರಡೆರಡು ಸಲ ದಂಡ ಬೀಳುತ್ತೆ. ಅಚ್ಚು ಹಾಕ್ಸಿರೋ ರಸೀದಿ ಪುಸ್ತಕ ಇನ್ನೂ ಹನ್ನೆರಡಿದೆ. ಮುಗೀಲಿ, ಆಮೇಲೆ ನೋಡೋಣ.”

ಟೂಲ್‌ಗೆ ‘ಇದರ ಬಗ್ಗೆ ಸದ್ಯಕ್ಕೆ ದೂರಬೇಡ’ ಅಂತ ಹೇಳುವ ಪಟ್ಟಿಯೊಂದಿದೆ, ಬೇಸ್‌ಲೈನ್ ಅಂತ. 37 ತಪ್ಪು ತಿದ್ದಿ, ಲೇಟ್‌ಫೀಯನ್ನು ಅದರಲ್ಲಿ ಕೂರಿಸಿದೆ. ಇನ್ನೂ ಅಲ್ಲೇ ಇದೆ.