ಗ್ರೈಂಡರ್ ಬಿಟ್ಟು ಕೂಲರ್ ಹೊತ್ತು ತಂದಿದ್ದು

ಲಾರಿ ಬೆಳಿಗ್ಗೆ ಏಳಕ್ಕೆ ಬರುತ್ತೆ ಅಂದಿದ್ದರು, ಬಂದಿದ್ದು ಹತ್ತೂವರೆಗೆ. 2022ರ ಜೂನ್ ಕೊನೆಯ ವಾರ. ನಮ್ಮ ಯಜಮಾನರು ಸೈನ್ಯದಲ್ಲಿ, ಅಂಬಾಲಾದಿಂದ ಸಿಕಂದರಾಬಾದಿಗೆ ವರ್ಗ ಆಗಿತ್ತು. ಅಂಬಾಲಾ ಕಂಟೋನ್ಮೆಂಟಿನ ಬಿಸಿಲಿಗೆ ಕಬ್ಬಿಣದ ಟ್ರಂಕಿನ ಹಿಡಿ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ನಮ್ಮ ಸಂಸಾರವೆಲ್ಲ ಕ್ವಾರ್ಟರ್ಸಿನ ಮುಂದೆ ಬೀದಿಗೆ ಬಂದು ಕೂತಿತ್ತು. ಏಳು ಕಪ್ಪು ಟ್ರಂಕು, ಗೋಣಿ ಸುತ್ತಿದ ಫ್ರಿಜ್ಜು, ವಾಷಿಂಗ್ ಮಷೀನು, ಬಿಚ್ಚಿ ಕಟ್ಟಿದ ಮಂಚ, ಮಗಳ ಸೈಕಲ್ಲು, ಮತ್ತೆ ನನ್ನ ಭುಜದೆತ್ತರದ ಒಂದು ಕೂಲರ್. ಆ ಕೂಲರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲಾರಿಯ ಏಜೆಂಟು ಇಳಿದು ಸಾಮಾನಿನ ಸುತ್ತ ಒಂದು ರೌಂಡು ಹಾಕಿದ. ಆಮೇಲೆ ಇವರ ಹತ್ತಿರ ಹೋಗಿ, ಫೋನಿನಲ್ಲಿ ಹೇಳಿದ್ದು 38 ಸಾವಿರ, ಆದರೆ ಇಲ್ಲಿ ನೋಡಿದರೆ ಸಾಮಾನು ಜಾಸ್ತಿ ಇದೆ, 45 ಆಗುತ್ತೆ ಅಂದ.

ಇವರು ನನ್ನ ಮುಖ ನೋಡಿದರು. ನಮ್ಮನೆಯಲ್ಲಿ ಬಾರ್ಡರ್ ಇವರದು, ಬಜೆಟ್ ನನ್ನದು.

ಊರಿಗೆ ಹೋದಾಗೆಲ್ಲ ಒಬ್ಬರಾದರೂ ಕೇಳುತ್ತಾರೆ. "ನಿಮಗೇನಮ್ಮ, ಎಲ್ಲಾ ಗೌರ್ಮೆಂಟೇ ಕೊಡುತ್ತಲ್ಲ?" ಕೊಡುತ್ತೆ, ಸುಳ್ಳು ಹೇಳಬಾರದು. ಆದರೆ ಲಾರಿಯವನಿಗೆ ಕೊಡಬೇಕಾದ್ದು ಇವತ್ತು, ನಮಗೆ ಬರೋದು ನಾಳೆ. ಆ ನಾಳೆ ಒಂದೊಂದು ಸಲ ನಾಲ್ಕು ತಿಂಗಳಾದರೂ ಆಗಲ್ಲ.

ಇದು ನನಗೆ ಅರ್ಥ ಆಗಿದ್ದು 2019ರಲ್ಲಿ, ಝಾನ್ಸಿಯಿಂದ ಅಂಬಾಲಾಕ್ಕೆ ಬಂದಾಗ. ಆಗ ಇವರದು ನಾಯಕ್ ರ‍್ಯಾಂಕು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ನಾಯಕ್ ಅಂದರೆ ಲೆವೆಲ್ 4. ಆ ಲೆವೆಲ್ಲಿನವರಿಗೆ 1,500 ಕಿಲೋವರೆಗೆ ಸಾಮಾನು, ರಸ್ತೆಯಲ್ಲಿ ಸಾಗಿಸಿದರೆ ಕಿಲೋಮೀಟರಿಗೆ 15 ರೂಪಾಯಿ. ಆರುನೂರು ಚಿಲ್ಲರೆ ಕಿಲೋಮೀಟರಿಗೆ ಒಂಬತ್ತು ಸಾವಿರದ ಹತ್ತಿರ ಸಿಗಬೇಕಿತ್ತು. ಟೆಂಪೋದವನು 14 ಸಾವಿರ ಇಸಿದುಕೊಂಡ. ಅವನು ಕೊಟ್ಟ ಬಿಲ್ಲು ಪಾಕೆಟ್ ಡೈರಿಯಿಂದ ಹರಿದ ಒಂದು ಹಾಳೆ. ಸಾಮಾನು ತಲುಪಿಸಿದೆ ಅಂತ ಹಿಂದಿಯಲ್ಲಿ ಒಂದು ಸಾಲು, ಕೆಳಗೆ ಕಾಗೆ ಕಾಲಿನಂಥ ಒಂದು ಸಹಿ. ಅದನ್ನು ಕ್ಲೈಮಿಗೆ ಪಿನ್ ಮಾಡಿ ಕಳಿಸಿದರೆ ಯಾರು ಒಪ್ಪುತ್ತಾರೆ? ಸಾಮಾನಿನ ಬಾಬತ್ತು ಒಂದು ಪೈಸೆ ಬರಲಿಲ್ಲ. ಹೊರಡೋ ಖರ್ಚಿಗೆ ಅಂತ ಎರಡು ಬಳೆ ಗಿರವಿ ಇಟ್ಟಿದ್ದೆ. ಬಿಡಿಸಿಕೊಳ್ಳೋಕೆ ಏಳು ತಿಂಗಳು ಹಿಡಿಯಿತು.

ಅಂಬಾಲಾದಲ್ಲಿ ಸಾಮಾನು ಬಿಚ್ಚಿದ ವಾರವೇ ಬ್ಯಾಂಕಿಗೆ ಹೋಗಿ ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ತೆಗೆದೆ. ಅದಕ್ಕೆ ನಾನಿಟ್ಟ ಹೆಸರು ಪೋಸ್ಟಿಂಗ್ ಆರ್‌ಡಿ. ಊರಲ್ಲಿ ಬೋರ್‌ವೆಲ್ ಮೋಟಾರು ಸುಟ್ಟಾಗ ಮೈದುನ ಅದರ ಮೇಲೆ ಕಣ್ಣು ಹಾಕಿದ, ಕೊಡಲಿಲ್ಲ. ಇವತ್ತಿಗೂ ಸ್ವಲ್ಪ ಮುನಿಸಿದೆ. ಇರಲಿ.

ಈ ಸಲ ಪೋಸ್ಟಿಂಗ್ ಆರ್ಡರ್ ಸಿಕಂದರಾಬಾದಿಗೆ ಅಂತ ಗೊತ್ತಾದ ದಿನ ಸಂಜೆಯೇ ಯೂನಿಟ್ಟಿನ ಕ್ಲರ್ಕ್ ಸಾಹೇಬರ ಮನೆಗೆ ಹೋದೆವು. ತಮಿಳಿನವರು, ನಿಧಾನದ ಮನುಷ್ಯ. ಹೆಂಡತಿ ಕಾಫಿ ಕೊಟ್ಟರು, ಅವರು ಲೆಕ್ಕ ಕೊಟ್ಟರು. ಇವರು ಅಷ್ಟರಲ್ಲಿ ಹವಲ್ದಾರ್ ಆಗಿದ್ದರು. ಅಂದರೆ ಲೆವೆಲ್ 5. ಒಂದೇ ಮೆಟ್ಟಿಲು ಮೇಲೆ, ಆದರೆ ಸಾಮಾನು ಒಂದೇ ಸಲ 3,000 ಕಿಲೋಗೆ ಏರುತ್ತೆ, ಕಿಲೋಮೀಟರಿಗೆ 25 ರೂಪಾಯಿ. ಅಂಬಾಲಾದಿಂದ ಸಿಕಂದರಾಬಾದಿಗೆ ಸುಮಾರು 1,800 ಕಿಲೋಮೀಟರು. 45 ಸಾವಿರದವರೆಗೆ ಕೇಳಬಹುದು, ಬಿಲ್ಲು ಇದ್ದರೆ. (2024ರಲ್ಲಿ ತುಟ್ಟಿಭತ್ಯೆ ಶೇ. 50 ಮುಟ್ಟಿದ ಮೇಲೆ ಈ ದರ ಕಾಲು ಭಾಗ ಜಾಸ್ತಿ ಆಗಿದೆ. ನಮಗೆ ಸಿಕ್ಕಿದ್ದು ಹಳೇ ದರ.)

ಅದರ ಜೊತೆಗೆ ಕಾಂಪೋಸಿಟ್ ಟ್ರಾನ್ಸ್‌ಫರ್ ಗ್ರಾಂಟ್ ಅಂತ ಒಂದಿದೆ, ಮೂಲ ವೇತನದ ಶೇ. 80. ಇದಕ್ಕೆ ಮಿಲಿಟರಿ ಸರ್ವಿಸ್ ಪೇ 5,200 ರೂಪಾಯಿಯನ್ನೂ ಸೇರಿಸುತ್ತಾರೆ. ಇವರ ಬೇಸಿಕ್ ಆಗ 33,900. ಎರಡೂ ಕೂಡಿ 39,100, ಅದರ ಶೇ. 80 ಅಂದರೆ 31,280. ನಮ್ಮ ಮಟ್ಟಿಗೆ ನಿಜವಾದ ಆಸರೆ ಈ ದುಡ್ಡೇ. ಕಟ್ಟೋ ಹಗ್ಗ, ಹಮಾಲರ ಕೂಲಿ, ಆಟೋ, ಹೊಸ ಮನೆಯ ಬಲ್ಬು, ಪರದೆ, ಎಲ್ಲಾ ಇದರಲ್ಲೇ ಆಗಬೇಕು. ಸ್ಕೂಟರ್ ಸಾಗಿಸಿದ್ದಕ್ಕೆ ಬೇರೆ ಕೊಡುತ್ತಾರೆ. ಕಾರು ಸಾಗಿಸೋಕೆ ಲೆವೆಲ್ 6 ಆಗಬೇಕು. ನಮ್ಮ ಹತ್ತಿರ ಕಾರೇ ಇಲ್ಲ, ಹಾಗಾಗಿ ಆ ಬೇಜಾರೂ ಇಲ್ಲ. ರೈಲಿಗೆ ವಾರಂಟ್, ಅಂದರೆ ದುಡ್ಡಿನ ಬದಲು ಟಿಕೆಟಿಗೆ ಕೊಡೋ ಸರ್ಕಾರಿ ಚೀಟಿ, ಥರ್ಡ್ ಎಸಿ.

ಕ್ಲರ್ಕ್ ಸಾಹೇಬರು ಕೊನೆಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರು, ಲಾರಿ ನಂಬರು, ತೂಕ, ಎಲ್ಲಿಂದ ಎಲ್ಲಿಗೆ, ತಾರೀಖು. "ಮೇಡಂ, ಸಾಮಾನು ಒಡೆದುಹೋದರೆ ಅಳಬೇಡಿ. ಬಿಲ್ಲು ಕಳೆದುಹೋದರೆ ಅಳಿ," ಅಂದರು. ಅಡ್ವಾನ್ಸಿಗೂ ಅರ್ಜಿ ಹಾಕಿಸಿದರು. ಅದು ನಾವು ಸಿಕಂದರಾಬಾದ್ ಸೇರಿ ಹತ್ತು ದಿನ ಆದ ಮೇಲೆ ಅಕೌಂಟಿಗೆ ಬಿತ್ತು. ಹೊರಡೋ ದಿನ ನನ್ನ ಕೈಯಲ್ಲಿದ್ದಿದ್ದು ಆರ್‌ಡಿ ಮುರಿಸಿದ 39 ಸಾವಿರ ಚಿಲ್ಲರೆ ಮತ್ತು ಆ ತಿಂಗಳ ಸಂಬಳದಲ್ಲಿ ಉಳಿದಿದ್ದು.

ಆ 3,000 ಕಿಲೋ ಅನ್ನೋ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸರ್ಕಾರ ತೂಕದಲ್ಲಿ ಲೆಕ್ಕ ಹಾಕುತ್ತೆ ಅಂದಮೇಲೆ ಲಾರಿಯವನೂ ಹಾಗೇ ಹಾಕುತ್ತಾನೆ, ಭಾರ ಇದ್ದಷ್ಟೂ ದುಡ್ಡು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಮನೆಯಲ್ಲಿ ಎಲ್ಲಕ್ಕಿಂತ ಭಾರ ಯಾವುದು? ಅಮ್ಮ ಮದುವೆಯಲ್ಲಿ ಕೊಟ್ಟ ಗ್ರೈಂಡರ್. ಹಾಸನದಿಂದ ಝಾನ್ಸಿಗೆ, ಝಾನ್ಸಿಯಿಂದ ಅಂಬಾಲಾಕ್ಕೆ ನಮ್ಮ ಜೊತೆಗೇ ಬಂದಿದ್ದು. ಕಲ್ಲು ಸಮೇತ ಎತ್ತೋಕೆ ಇಬ್ಬರು ಬೇಕು. ರುಬ್ಬುವಾಗ ಅದು ಮಾಡೋ ಗರಗರ ಸದ್ದು ಕೇಳಿ ಮಗಳು ನಾಳೆ ದೋಸೆ ಅಂತ ಕುಣಿಯೋಳು.

ಪಕ್ಕದ ಬ್ಲಾಕಿನಲ್ಲಿ ಬೆಳಗಾವಿ ಕಡೆಯ ಅಕ್ಕ ಇದ್ದರು. ಅವರ ಯಜಮಾನರು ಮರಾಠಾ ಲೈಟ್ ಇನ್‌ಫೆಂಟ್ರಿ. ಲಾರಿ ಬರೋ ಹಿಂದಿನ ಸಂಜೆ ಬಂದು ಗ್ರೈಂಡರ್ ಒಂದು ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದನ್ನು ನೋಡಿದರು.

"ಯವ್ವಾ, ಇದನ್ನ ಯಾಕ ಬಿಟ್ಟ ಹೊಂಟಿ? ಅಲ್ಲಿ ಹಿಟ್ಟ ಹೆಂಗ ರುಬ್ಬತಿ?"

"ತುಂಬಾ ಭಾರ ಅಕ್ಕ. ಲಾರಿಗೆ ದುಡ್ಡು ಜಾಸ್ತಿ ಆಗುತ್ತೆ."

"ಹಂಗಾರ ನನಗ ಕೊಡ. ರೊಕ್ಕ ಎಷ್ಟ ಹೇಳ."

ದುಡ್ಡು ಬೇಡ ಅಂದೆ. ಅವರು ಕೇಳಲಿಲ್ಲ, ಮಗಳ ಕೈಗೆ ಸಾವಿರ ರೂಪಾಯಿ ತುರುಕಿ, ಇಬ್ಬರು ಹುಡುಗರನ್ನು ಕರೆಸಿ ಹೊರಿಸಿಕೊಂಡು ಹೋದರು. ನಾನು ಜಾಣತನ ಮಾಡಿದೆ ಅಂತ ನೆಮ್ಮದಿಯಾಗಿ ಮಲಗಿದೆ. ಕೂಲರ್ ಮಾತ್ರ ಬಿಡಲಿಲ್ಲ. ಹಿಂದಿನ ವರ್ಷ ತಾನೇ 8,500 ಕೊಟ್ಟು ತಂದಿದ್ದು, ಮೇಲಾಗಿ ಹಗುರ.

ಈಗ ಮತ್ತೆ ಲಾರಿ ಹತ್ತಿರ. ನಾನು ಏಜೆಂಟಿಗೆ ಕೇಳಿದೆ, "ಏನು ಜಾಸ್ತಿ ಇದೆ? ತೂಕ ಮಾಡಿಸಿ ನೋಡು." ಅವನು ನಕ್ಕ. ತೂಕ ಯಾರಿಗೆ ಬೇಕು ಮೇಡಂ, ನಮ್ಮದು ಪಾರ್ಟ್ ಲೋಡು, ಒಂದೇ ಲಾರಿಯಲ್ಲಿ ಬೇರೆಯವರ ಸಾಮಾನೂ ಹೋಗುತ್ತೆ, ನಾವು ಜಾಗ ಮಾರೋದು ಅಂದ. ಆಮೇಲೆ ನೇರವಾಗಿ ಕೂಲರಿನ ಹತ್ತಿರ ಹೋಗಿ ಅದರ ತಲೆ ಮೇಲೆ ಕೈಯಿಟ್ಟ. "ಇದರ ಮೇಲೆ ಏನೂ ಇಡೋ ಹಾಗಿಲ್ಲ, ತಗಡು ಬಗ್ಗುತ್ತೆ. ಇದೊಂದೇ ನಾಲ್ಕು ಟ್ರಂಕಿನ ಜಾಗ ತಿನ್ನುತ್ತೆ."

ಗ್ರೈಂಡರ್ ಆಗಿದ್ದರೆ ಮಂಚದ ಕಾಲಿನ ಸಂದಿಯಲ್ಲಿ ಕೂರುತ್ತಿತ್ತು. ಅಷ್ಟು ಹೊತ್ತಿಗೆ ಅದು ಪಕ್ಕದ ಬ್ಲಾಕಿನಲ್ಲಿ ಒಂದು ಸಲ ರುಬ್ಬಿಯೂ ಆಗಿತ್ತು. ಇವರು ಬೇರೆ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದದ್ದು ನನಗೆ ಕಾಣಿಸಿತು.

ಎಳೆದಾಡಿ ಎಳೆದಾಡಿ 41 ಸಾವಿರಕ್ಕೆ ನಿಂತಿತು. 25 ಈಗ, ಉಳಿದಿದ್ದು ಸಾಮಾನು ಇಳಿಸಿದ ಮೇಲೆ. ಏಜೆಂಟು ಜೇಬಿನಿಂದ ಒಂದು ಬಿಳಿ ಪ್ಯಾಡ್ ತೆಗೆದು ಬರೆಯೋಕೆ ಶುರು ಮಾಡಿದ. ನೋಡಿದ ತಕ್ಷಣ ನನಗೆ ಝಾನ್ಸಿಯ ಡೈರಿ ಹಾಳೆ ನೆನಪಾಯಿತು. ಪರ್ಸಿನಿಂದ ಚೀಟಿ ತೆಗೆದು ಒಂದೊಂದಾಗಿ ಓದಿದೆ. ಜಿಎಸ್‌ಟಿ ಬಿಲ್ಲು ಬೇಕಾದರೆ ಟ್ಯಾಕ್ಸು ಎಕ್ಸ್‌ಟ್ರಾ ಅಂದ. 41ರಲ್ಲೇ ಎಲ್ಲಾ ಸೇರಿ ಅಂತ ಆಗಲೇ ಮಾತಾಗಿದೆ ಅಂದೆ. ಆಫೀಸು ದೂರ ಇದೆ ಅಂದ. ಪರವಾಗಿಲ್ಲ, ನಮ್ಮ ರೈಲು ರಾತ್ರಿ ಅಂದೆ. ಸಾಮಾನೆಲ್ಲ ಲಾರಿಯೊಳಗೆ, 25 ಸಾವಿರ ನನ್ನ ಪರ್ಸಿನೊಳಗೆ. ಬೇವಿನ ಮರದ ಕೆಳಗೆ ಟ್ರಂಕಿಲ್ಲದ ಕಾರಣ ನೆಲದ ಮೇಲೇ ಕೂತೆ. ಒಂದು ಗಂಟೆಗೆ ಬೈಕಿನಲ್ಲಿ ಒಬ್ಬ ಹುಡುಗ ಪ್ರಿಂಟಾದ ಬಿಲ್ಲೂ, ಸಾಮಾನು ಬುಕ್ ಮಾಡಿದ ರಸೀದಿ ಬಿಲ್ಟಿಯೂ ತಂದ. ಓದಿ, ಫೋನಿನಲ್ಲಿ ಫೋಟೋ ತೆಗೆದು, ಆಮೇಲೆ ದುಡ್ಡು ಎಣಿಸಿದೆ. ಜಗಳಗಂಟಿ ಅಂದುಕೊಂಡಿರಬಹುದು. ಅಂದುಕೊಳ್ಳಲಿ.

ಸ್ಕೂಟರ್ ಮಾತ್ರ ಹಿಂದಿನ ದಿನವೇ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಆಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇರಬಾರದು ಅಂತ ಅದನ್ನು ಬಾಟಲಿಗೆ ಇಳಿಸಿ, ನಮ್ಮ ಕೆಎ 13 ನಂಬರ್ ಪ್ಲೇಟು ಮಾತ್ರ ಕಾಣೋ ಹಾಗೆ ಗೋಣಿ ಸುತ್ತಿ ಹೊಲಿಸಿದ್ದರು. ಮಧ್ಯಾಹ್ನ ಕ್ವಾರ್ಟರ್ಸ್ ಒಪ್ಪಿಸಿದ್ದು, ನಮ್ಮ ಭಾಷೆಯಲ್ಲಿ ಮಾರ್ಚಿಂಗ್ ಔಟ್. ಮಿಲಿಟರಿ ಕಟ್ಟಡ ನೋಡಿಕೊಳ್ಳೋ ಎಂಇಎಸ್‌ನವರು ಪಟ್ಟಿ ಹಿಡಿದು ಫ್ಯಾನು, ನಲ್ಲಿ, ಹೋಲ್ಡರು ಎಣಿಸಿದರು. ಮಗಳು ಬಾಲ್ ಹೊಡೆದು ಒಡೆದ ಒಂದು ಕಿಟಕಿ ಗಾಜಿಗೆ ದುಡ್ಡು ಕಟ್ಟಿದೆವು. ಅದು ನ್ಯಾಯವೇ.

ಮರುದಿನ ಡೆಲ್ಲಿಯಿಂದ ತೆಲಂಗಾಣ ಎಕ್ಸ್‌ಪ್ರೆಸ್. ಸಿಕಂದರಾಬಾದಿನಲ್ಲಿ ಕ್ವಾರ್ಟರ್ಸಿಗೆ ವೇಟಿಂಗ್ ಲಿಸ್ಟ್. ಅಲ್ವಾಲ್ ಹತ್ತಿರ 9,500 ಬಾಡಿಗೆಗೆ ಎರಡು ರೂಮಿನ ಮನೆ ಸಿಕ್ಕಿತು. ಎರಡು ತಿಂಗಳ ಅಡ್ವಾನ್ಸು, ಒಂದು ತಿಂಗಳ ಬಾಡಿಗೆ, ಒಟ್ಟು 28,500 ಒಂದೇ ಸಲ. ಲಾರಿಯವನಿಗೆ 16 ಸಾವಿರ ಬಾಕಿ. ನನ್ನ ತಮ್ಮನಿಂದ 15 ಸಾವಿರ ಫೋನ್‌ಪೇ ಹಾಕಿಸಿಕೊಂಡೆ. ಹೈದರಾಬಾದು ಎಕ್ಸ್ ದರ್ಜೆಯ ನಗರ, ಆಗ ಮನೆ ಬಾಡಿಗೆ ಭತ್ಯೆ ಶೇ. 27. ಕ್ವಾರ್ಟರ್ಸ್ ಖಾಲಿ ಇಲ್ಲ ಅನ್ನೋ ಸರ್ಟಿಫಿಕೇಟು ಸಿಕ್ಕ ಮೇಲೆ ಅದೂ ಬಂತು. ಆದರೆ ಮನೆ ಓನರು ಸರ್ಟಿಫಿಕೇಟಿಗೆ ಕಾಯಲ್ಲವಲ್ಲ. ನಯಾಪೈಸೆ ಖರ್ಚಿಲ್ಲದೆ ಮುಗಿದಿದ್ದು ಅಂದರೆ ಮಗಳ ಯೂನಿಫಾರ್ಮ್. ಕೇಂದ್ರೀಯ ವಿದ್ಯಾಲಯದ ಹುಡುಗಿ, ಅಂಬಾಲಾದಲ್ಲಿ ಹಾಕಿದ ಅದೇ ಚೆಕ್ಸ್ ಬಟ್ಟೆ, ಅದೇ ಎನ್‌ಸಿಇಆರ್‌ಟಿ ಪುಸ್ತಕ. ಆ ಸ್ಕೂಲಿಗೆ ನಾನು ಯಾವತ್ತೂ ಕೈ ಮುಗಿಯುತ್ತೇನೆ.

ಸಾಮಾನು ಎಂಟನೇ ದಿನ ಬಂತು. ಬೇರೆ ಲಾರಿಯಲ್ಲಿ. ಡೆಲ್ಲಿಯಲ್ಲಿ ಲೋಡು ಬದಲಾಯಿಸಿದ್ದರಂತೆ. ಟ್ರಂಕು ಏಳಕ್ಕೆ ಏಳೂ ಇತ್ತು, ನಾನು ಅದನ್ನಷ್ಟೇ ನೋಡಿದೆ.

ಎರಡು ತಿಂಗಳ ಮೇಲೆ ಕ್ಲೈಮು ಆಕ್ಷೇಪಣೆ ಬರೆಸಿಕೊಂಡು ವಾಪಸ್ ಬಂತು. ಬಿಲ್ಲಿನಲ್ಲಿರೋ ಲಾರಿ ನಂಬರು ಒಂದು, ಸಾಮಾನು ಇಳಿಸಿದ ಚೀಟಿಯಲ್ಲಿ ಇನ್ನೊಂದು. ನೋಡಿ, ಬಿಸಿಲಲ್ಲಿ ಕೂತು ತರಿಸಿಕೊಂಡ ಬಿಲ್ಲಿನ ಕಥೆ. ಇವರಿಗೆ ಸಿಟ್ಟು ಬಂದು ಬಿಟ್ಟುಬಿಡೋಣ ಅಂದರು. ನಾನು ಬಿಡಲಿಲ್ಲ. ಏಜೆಂಟಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನ್. ಒಂಬತ್ತನೇ ದಿನ ಅವನೇ ಮೊದಲು ಫೋನ್ ಮಾಡಿ, "ಮೇಡಂ, ಲೆಟರ್ ಕಳಿಸಿದ್ದೀನಿ, ದಯವಿಟ್ಟು ನಾಳೆ ಮಾಡಬೇಡಿ," ಅಂದ. ಡೆಲ್ಲಿಯಲ್ಲಿ ಲಾರಿ ಬದಲಾಯಿತು ಅಂತ ಲೆಟರ್‌ಹೆಡ್‌ನಲ್ಲಿ ಎರಡು ಸಾಲು, ಸೀಲು. ಅದನ್ನಿಟ್ಟು ಮತ್ತೆ ಕಳಿಸಿದೆವು.

ನವೆಂಬರಿನ ಒಂದು ಸಂಜೆ ದುಡ್ಡು ಬಿತ್ತು. ಅಡ್ವಾನ್ಸು ಹಿಡಿದುಕೊಂಡು ಉಳಿದಿದ್ದು. ತಮ್ಮನ 15 ಸಾವಿರ ಅವತ್ತೇ ವಾಪಸ್ ಹಾಕಿದೆ. ಹೊಸ ಆರ್‌ಡಿಗೆ ಈ ಸಲ ತಿಂಗಳಿಗೆ 1,500. ಮಿಕ್ಕಿದ್ದರಲ್ಲಿ 5,400 ಕೊಟ್ಟು ಒಂದು ಟೇಬಲ್‌ಟಾಪ್ ಗ್ರೈಂಡರ್ ತಂದೆವು. ಸದ್ದೇ ಮಾಡಲ್ಲ ಅದು. ಮಗಳಿಗೆ ಇಷ್ಟ ಆಗಲಿಲ್ಲ.

ಕೂಲರ್ ಬಾಲ್ಕನಿಯಲ್ಲಿದೆ. ಒಳಗೆ ಈರುಳ್ಳಿ ಇಟ್ಟಿದ್ದೇನೆ, ಗಾಳಿ ಚೆನ್ನಾಗಿ ಆಡುತ್ತೆ. ಬೆಳಗಾವಿ ಅಕ್ಕನಿಗೆ ಮೊನ್ನೆ ಗುವಾಹಟಿಗೆ ಆರ್ಡರ್ ಬಂತಂತೆ. ಫೋನ್ ಮಾಡಿ ಕೇಳಿದರು, "ಯವ್ವಾ, ಗ್ರೈಂಡರ್ ಒಯ್ಯಲ್ಯೋ, ಬಿಡಲ್ಯೋ?"

"ಮಂಚದ ಕಾಲಿನ ಸಂದಿಯಲ್ಲಿ ಇಡಿಸಿ ಅಕ್ಕ," ಅಂದೆ.