ಡಿ ಟ್ರಾಮಿನ ಕೊನೆಯ ನಿಲ್ದಾಣದವರೆಗೆ

ಊರಿನಿಂದ ವಿಯೆನ್ನಾಕ್ಕೆ ಬರುವ ನೆಂಟರಿಗೆಲ್ಲ ನಾನು ಮೊದಲು ಅರಮನೆಗಳನ್ನೇ ತೋರಿಸುತ್ತಿದ್ದೆ. ಆರು ವರ್ಷ ಇಲ್ಲಿ ಬಾಳಿದ ಮೇಲೆ ಆ ಪದ್ಧತಿಯನ್ನು ಬಿಟ್ಟಿದ್ದೇನೆ. ಅರಸರು ತಮಗಾಗಿ ಕಟ್ಟಿಸಿಕೊಂಡದ್ದಕ್ಕಿಂತ ಈ ನಗರ ತನ್ನ ನಿವಾಸಿಗಳಿಗಾಗಿ ಕಟ್ಟಿದ್ದೇ ದೊಡ್ಡದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕಳೆದ ಮೇ ತಿಂಗಳಲ್ಲಿ ಅಪ್ಪ, ಅಮ್ಮ ಬಂದಾಗ ಇಬ್ಬರಿಗೂ ವಾರದ ಪಾಸು ತೆಗೆಸಿ, ಮುಖ್ಯ ರೈಲು ನಿಲ್ದಾಣದ ಬಳಿ 'ಡಿ' ಎಂಬ ಮಾರ್ಗದ ಟ್ರಾಮ್ ಹತ್ತಿಸಿದೆ.

ನಾವು ಮೊದಲು ಇಳಿದದ್ದು ಷ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿ. ಅಲ್ಲಿ ಆಕಾಶಕ್ಕೆ ಚಿಮ್ಮುವ ದೊಡ್ಡ ಕಾರಂಜಿಯೊಂದಿದೆ. ಪ್ರವಾಸಿಗರು ಅದರ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಅದು ಅಲಂಕಾರಕ್ಕಾಗಿಯೇ ಹುಟ್ಟಿದ್ದಲ್ಲ. ಆಲ್ಪ್ಸ್ ಬೆಟ್ಟಗಳ ಊಟೆಗಳಿಂದ ನಗರಕ್ಕೆ ನೀರು ತರುವ ಮೊದಲ ಕೊಳವೆಮಾರ್ಗ ಪೂರ್ಣಗೊಂಡಾಗ, 1873ರ ಅಕ್ಟೋಬರಿನಲ್ಲಿ, ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಈ ಕಾರಂಜಿಯನ್ನು ಹರಿಯಬಿಟ್ಟು ಆ ಮಾರ್ಗವನ್ನು ಉದ್ಘಾಟಿಸಿದ. ಬಾವಿಗಳ ಕಲುಷಿತ ನೀರು ಕುಡಿದು ಜನ ಕಾಲರಾ, ಟೈಫಾಯ್ಡ್‌ಗಳಿಂದ ಸಾಯುತ್ತಿದ್ದ ಕಾಲದಲ್ಲಿ, ನಗರಸಭೆಯ ಸದಸ್ಯನೂ ಆಗಿದ್ದ ಭೂವಿಜ್ಞಾನಿ ಎಡ್ವರ್ಡ್ ಜೂಸ್ ಹಟ ಹಿಡಿದು ಮಾಡಿಸಿದ ಕೆಲಸ ಇದು. 1910ರಲ್ಲಿ ಎರಡನೆಯ ಮಾರ್ಗವೂ ಸೇರಿತು. ಬೆಟ್ಟದಿಂದ ನೀರು ಇಳಿಜಾರಿನ ಬಲದಿಂದಲೇ ನಗರಕ್ಕೆ ಬರುತ್ತದೆ ಎಂದಾಗ, ಮೂವತ್ತು ವರ್ಷ ನೀರು ಸರಬರಾಜಿನ ಕೆಲಸದಲ್ಲಿದ್ದ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ರಸ್ತೆ ಬದಿಯ ನಲ್ಲಿಯೊಂದರಲ್ಲಿ ಬಾಟಲಿ ತುಂಬಿಸಿಕೊಂಡು, ಕುಡಿದು, "ಇದಕ್ಕೆ ಕ್ಲೋರಿನ್ ವಾಸನೆಯೇ ಇಲ್ಲವಲ್ಲ" ಎಂದರು. ಇಲ್ಲಿನ ಕಾಫಿಮನೆಗಳಲ್ಲಿ ಕಾಫಿಯ ಜೊತೆ ತಟ್ಟೆಯಲ್ಲಿ ಒಂದು ಲೋಟ ನೀರನ್ನೂ ತಪ್ಪದೆ ಇಟ್ಟು ಕೊಡುತ್ತಾರೆ. ಅದೂ ಇದೇ ಬೆಟ್ಟದ ನೀರು.

ಮುಂದೆ ಟ್ರಾಮ್ ರಿಂಗ್ ರಸ್ತೆಯಲ್ಲಿ ಒಪೆರಾ, ಸಂಸತ್ತು, ಪುರಭವನಗಳನ್ನು ದಾಟುತ್ತದೆ. ಅವನ್ನು ಕಿಟಕಿಯಿಂದಲೇ ನೋಡಿದೆವು.

ಹೈಲಿಗೆನ್‌ಷ್ಟಾಟ್ ಎಂಬಲ್ಲಿ, ಕಮಾನುಗಳೂ ಗೋಪುರಗಳೂ ಇರುವ, ಕೆಂಪು ಮತ್ತು ತಿಳಿಹಳದಿ ಬಣ್ಣದ ಕಟ್ಟಡವೊಂದು ಮುಗಿಯುವುದೇ ಇಲ್ಲವೇನೋ ಎಂಬಂತೆ ರಸ್ತೆಯುದ್ದಕ್ಕೂ ಬರುತ್ತದೆ. "ಇದು ಯಾವ ರಾಜನದು?" ಎಂದು ಅಮ್ಮ ಕೇಳಿದರು. "ರಾಜನದಲ್ಲಮ್ಮ, ಬಾಡಿಗೆ ಮನೆಗಳು" ಎಂದೆ. ವಾಸ್ತುಶಿಲ್ಪಿ ಕಾರ್ಲ್ ಏನ್ ವಿನ್ಯಾಸ ಮಾಡಿದ, 1927ರಿಂದ 1930ರ ನಡುವೆ ನಗರಾಡಳಿತ ಕಾರ್ಮಿಕರಿಗಾಗಿ ಕಟ್ಟಿಸಿದ ಕಾರ್ಲ್ ಮಾರ್ಕ್ಸ್ ಹೋಫ್ ಅದು. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಮೊದಲಿಗೆ ಇದ್ದ ಮನೆಗಳು 1,382. ಮನೆಗಳ ಮೇಲೆ ವಿಧಿಸಿದ, ಸಿರಿವಂತರ ಮೇಲೆ ಹೆಚ್ಚು ಭಾರ ಬೀಳುವಂತಿದ್ದ ತೆರಿಗೆಯ ಹಣದಿಂದ ಅಂದು ನಗರದಾದ್ಯಂತ ಇಂಥ ವಸತಿಗಳು ಎದ್ದವು. ನಾವು ಒಳಗಿನ ಅಂಗಳಗಳಲ್ಲಿ ನಡೆದೆವು. ಜಾಗದ ಐದನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಕಟ್ಟಡವಿದೆ, ಉಳಿದದ್ದೆಲ್ಲ ಮರಗಿಡ, ಹುಲ್ಲು, ಮಕ್ಕಳು ಆಡುವ ಬಯಲು. ಶಿಶುವಿಹಾರ, ಗ್ರಂಥಾಲಯ, ಸ್ನಾನಗೃಹ, ಬಟ್ಟೆ ಒಗೆಯುವ ಸಾಮೂಹಿಕ ಕೋಣೆಗಳು ಎಲ್ಲವನ್ನೂ ಆಗಲೇ ಯೋಚಿಸಿದ್ದರು. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ ಸರ್ಕಾರದ ಸೇನೆ ಇದೇ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಕಟ್ಟಡದ ಮುಂದಿನ ಚೌಕಕ್ಕೆ 'ಫೆಬ್ರುವರಿ 12' ಎಂದೇ ಹೆಸರು. ಬಾಲ್ಕನಿಯೊಂದರಲ್ಲಿ ಟೊಮೇಟೊ ಗಿಡಗಳಿಗೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು ಅಮ್ಮನ ಸೀರೆಯನ್ನು ನೋಡಿ ಕೈ ಬೀಸಿದರು. ಅಮ್ಮ ಕೈ ಮುಗಿದರು.

ಟ್ರಾಮ್ ನಿಲ್ಲುವುದು ನುಸ್‌ಡೋರ್ಫ್‌ನಲ್ಲಿ. ಅಲ್ಲಿಂದ ನಗರದ ಒಂದನೆಯ ಕಾಲ್ನಡಿಗೆ ಹಾದಿ ಹೊರಡುತ್ತದೆ. ಬೀಥೋವನ್ ಅಡ್ಡಾಡುತ್ತಿದ್ದ ಹಳ್ಳದ ದಂಡೆಯನ್ನು ಹಿಡಿದು ದ್ರಾಕ್ಷಿ ತೋಟಗಳ ನಡುವೆ ಏರಿ 484 ಮೀಟರ್ ಎತ್ತರದ ಕಾಲೆನ್‌ಬರ್ಗ್ ಬೆಟ್ಟವನ್ನು ಮುಟ್ಟಬಹುದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವ ಈ ಊರಿನಲ್ಲಿ ಅಜ್ಜ ಅಜ್ಜಿಯರಿಂದ ಕೈಗೂಸುಗಳವರೆಗೆ ಎಲ್ಲರೂ ಹೀಗೆ ಬೆಟ್ಟ ಹತ್ತುತ್ತಾರೆ. ಮೇಲಿನಿಂದ ನೋಡಿದಾಗ ಡ್ಯಾನ್ಯೂಬ್ ಎರಡು ಪಟ್ಟಿಗಳಾಗಿ ಹರಿಯುವುದು ಕಂಡಿತು. ನೆರೆಯ ನೀರಿಗೆ ದಾರಿ ಮಾಡಿಕೊಡಲು 1972ರಿಂದ ಹೊಸ ಕಾಲುವೆಯನ್ನು ತೋಡಿದರು, ಅಗೆದ ಮಣ್ಣಿನಿಂದ ನಡುವೆ 21 ಕಿಲೋಮೀಟರ್ ಉದ್ದದ ದ್ವೀಪವಾಯಿತು, ಬೇಸಿಗೆಯಲ್ಲಿ ಊರಿಗೆ ಊರೇ ಅಲ್ಲಿ ಈಜುತ್ತದೆ ಎಂದು ವಿವರಿಸಿದೆ. "ಹಾಗಾದರೆ ನೀರು ತಡೆಯುವ ಗೇಟು ಎಲ್ಲಿ?" ಎಂದು ಅಪ್ಪ ಕೇಳಿದರು.

ಇಳಿಯುವಾಗ ಬಾಗಿಲಿಗೆ ಪೈನ್ ಕೊಂಬೆ ತೂಗುಹಾಕಿದ್ದ ತೋಟದ ಮನೆಯೊಂದರಲ್ಲಿ ಕುಳಿತೆವು. ಬೆಳೆಗಾರರು ತಮ್ಮದೇ ವೈನನ್ನು ಮನೆಯಲ್ಲಿ ಮಾರಬಹುದೆಂದು ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಅನುಮತಿ ಕೊಟ್ಟ ಕಾಲದ ರೂಢಿ ಇದು; ಕೊಂಬೆ ಕಂಡರೆ ಇಂದು ತೆರೆದಿದೆ ಎಂದರ್ಥ. ಅಮ್ಮ ದ್ರಾಕ್ಷಿ ರಸ ಕುಡಿದರು. ಉದ್ದನೆಯ ಮೇಜಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ ದಂಪತಿ, ಭಾಷೆ ಬಾರದಿದ್ದರೂ, ತಮ್ಮ ಬ್ರೆಡ್ಡಿನ ಬುಟ್ಟಿಯನ್ನು ಅವರತ್ತ ನೂಕಿದರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಪಾಸನ್ನು ಜೇಬಿನಲ್ಲಿಟ್ಟುಕೊಂಡು, ನಲ್ಲಿಯ ನೀರಿನ ಬಾಟಲಿ ಹಿಡಿದು, ಒಬ್ಬರೇ ಮೆಟ್ರೋ ಹತ್ತಿ ಆ ದ್ವೀಪದ ಗೇಟುಗಳನ್ನು ಹುಡುಕಲು ಹೋಗಿದ್ದರು.